ಬಾಲಾಟಾ ಓಣಿಯ ಒಂದೇ ಪಾತ್ರೆ

ಟ್ರಿನಿಡಾಡಿನ ಟುನಾಪುನಾ ಪೇಟೆಯ ಬಾಲಾಟಾ ಓಣಿಯವರಿಗೆ ಜಂಬ ಕೊಚ್ಚಿಕೊಳ್ಳಲು ಹೆಚ್ಚೇನೂ ಇರಲಿಲ್ಲ. ರಸ್ತೆ ತುಂಬ ಗುಂಡಿ. ನಲ್ಲಿಗೆ ನೀರು ಬಂದ ದಿನವೇ ಹಬ್ಬ. ಓಣಿಯ ತುದಿಯಲ್ಲಿ ಯಾರದೋ ಕೆಟ್ಟು ನಿಂತ ಕಾರು, ಅದರೊಳಗೆ ಕೋಳಿಗಳ ಸಂಸಾರ. ಆದರೂ ಅವರು ಪೇಟೆಯಲ್ಲಿ ತಲೆಯೆತ್ತಿಕೊಂಡೇ ನಡೆಯುತ್ತಿದ್ದರು. ಅದಕ್ಕೆ ಕಾರಣ ಒಂದು ಪಾತ್ರೆ.

ಶುಭ ಶುಕ್ರವಾರಕ್ಕೂ ಈಸ್ಟರ್ ಭಾನುವಾರಕ್ಕೂ ನಡುವೆ ಬರುವ ಗ್ಲೋರಿಯಸ್ ಶನಿವಾರ ಟ್ರಿನಿಡಾಡಿನಲ್ಲಿ ಯಾರೂ ಮನೆಯಲ್ಲಿ ಕೂರುವುದಿಲ್ಲ. ಬಾಲಾಟಾ ಓಣಿ ಇಡಿಯಾಗಿ ಕೌರಾ ಹೊಳೆಗೆ ಹೋಗುತ್ತಿತ್ತು. ಹೊಳೆಗೆ ಎಲ್ಲ ಓಣಿಯವರೂ ಹೋಗುತ್ತಾರೆ; ಅಲ್ಲಿ ಮನೆಗೊಂದು ಒಲೆ, ಒಲೆಗೊಂದು ಪಾತ್ರೆ. ಹಿಂದೂಗಳ ಒಲೆಯಲ್ಲಿ ದನದ ಮಾಂಸವಿಲ್ಲ, ಮುಸ್ಲಿಮರ ಒಲೆಯಲ್ಲಿ ಹಂದಿಯಿಲ್ಲ, ಆಫ್ರಿಕಾ ಮೂಲದ ಕ್ರಿಯೋಲರ ಒಲೆಯಲ್ಲಿ ಇವೆರಡೂ ಇಲ್ಲದೆ ರುಚಿಯಿಲ್ಲ. ಬಾಲಾಟಾ ಓಣಿಯಲ್ಲಿ ಮೂರೂ ಜಾತಿಯವರಿದ್ದರು, ಮೂಲೆಯಲ್ಲಿ ಚೀನೀಯರ ಅಂಗಡಿಯೂ ಇತ್ತು, ಈಚೆಗೆ ವೆನೆಜುವೆಲಾದಿಂದ ದೋಣಿಯಲ್ಲಿ ಬಂದಿಳಿದವರೂ ಇದ್ದರು. ಆದರೆ ಒಲೆ ಒಂದೇ, ಪಾತ್ರೆ ಒಂದೇ. ಅದರಲ್ಲಿ ಬೇಯುತ್ತಿದ್ದದ್ದು ಕಲಾಲೂ: ಕೆಸುವಿನ ಸೊಪ್ಪು, ಬೆಂಡೆ, ಕುಂಬಳ, ತೆಂಗಿನ ಹಾಲು, ಮೇಲೆ ಒಡೆಯದಂತೆ ತೇಲಿಬಿಟ್ಟ ಒಂದು ಇಡೀ ಮೆಣಸಿನಕಾಯಿ. ಮಾಂಸವಿಲ್ಲ, ಮೀನಿಲ್ಲ, ಏಡಿಯಿಲ್ಲ. ಯಾರೂ ಯಾರನ್ನೂ ಕೇಳದೆ ತಟ್ಟೆ ಒಡ್ಡಬಹುದಾದ ಪಾತ್ರೆ.

ಅದನ್ನು ಶುರುಮಾಡಿದವಳು ಮಾ ಐಯೋನ್. ತಲೆಗೆ ಬಿಳಿ ವಸ್ತ್ರ ಕಟ್ಟಿ, ಗಂಟೆ ಹಿಡಿದು ಬೀದಿಯಲ್ಲಿ ಪ್ರಾರ್ಥಿಸುತ್ತಿದ್ದ ಬ್ಯಾಪ್ಟಿಸ್ಟ್ ಸಭೆಯ ಹಿರಿಯ ತಾಯಿ. ಕಳೆದ ಮಳೆಗಾಲದಲ್ಲಿ ಅವಳು ತೀರಿಕೊಂಡಳು. ಪಾತ್ರೆಯೂ ಕಡಗೋಲೂ ಮಗಳು ವರ್ನೆಲ್ಲಳ ಪಾಲಿಗೆ ಬಂದವು.

ವರ್ನೆಲ್ ಅಡುಗೆಗೆ ಹೊಸಬಳೇನಲ್ಲ. ಹೆದ್ದಾರಿಯ ಬದಿಯಲ್ಲಿ ಅವಳದೊಂದು ಪುಟ್ಟ ಅಂಗಡಿ. ಶನಿವಾರ ಬಂತೆಂದರೆ ಅಲ್ಲಿ ಬೇಳೆಯ ಸೂಪು, ಅದರೊಳಗೆ ಉಪ್ಪಿನಲ್ಲಿ ಊರಿಸಿದ ಹಂದಿಬಾಲ. ಆ ಸೂಪಿಗಾಗಿ ಟ್ಯಾಕ್ಸಿಯವರು ಸವಾರಿ ಬಿಟ್ಟು ಬರುತ್ತಿದ್ದರು. ಆದರೆ ಅಂಗಡಿಯ ಪಾತ್ರೆ ಬೇರೆ, ಓಣಿಯ ಪಾತ್ರೆ ಬೇರೆ; ಎರಡನೆಯದಕ್ಕೆ ಕೈಹಾಕುವಾಗ ಅವಳಿಗೆ ಅಳುಕಿತ್ತು. ಅಳುಕಿಗೆ ಕಾರಣವೂ ಇತ್ತು. ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರದ ಸಂಜೆ ಅವಳ ಜಗಲಿಯಲ್ಲಿ ಓಣಿಯವರೆಲ್ಲ ಸೇರಿದ್ದಾಗ, ಅವಳ ತಂಗಿಯ ಮಗ ಗಾರ್ವಿನ್ ಎದ್ದು ನಿಂತಿದ್ದ.

"ಮಾ ಇದ್ದಷ್ಟು ದಿನ ಸರಿ. ಈಗ ಯಾಕೆ ಬೇಕು ಬೆಟ್ಟ ಹತ್ತೋದು, ಹೊಗೆ ಕುಡಿಯೋದು? ಒಂದು ಬಸ್ ಮಾಡೋಣ. ದಕ್ಷಿಣದ ಕಡೆ ಹೊಸ ಈಜುಕೊಳ ಆಗಿದೆ. ಟಿಕೆಟ್ಟಲ್ಲೇ ಊಟ. ಚಿಕನ್ ಬೇಕಾದೋರಿಗೆ ಚಿಕನ್, ಸೊಪ್ಪು ಬೇಕಾದೋರಿಗೆ ಸೊಪ್ಪು. ಅವರವರ ಡಬ್ಬಿ ಅವರವರಿಗೆ. ರಗಳೆನೇ ಇಲ್ಲ."

"ಟಿಕೆಟ್ ನಿಮ್ಮಪ್ಪ ಕೊಡಿಸ್ತಾನೇನೋ?" ಎಂದಳು ಎದುರುಮನೆಯ ಫೂಲ್ಮತಿ. "ಹೊಳೆಗೆ ಬಾಗಿಲಿಲ್ಲ, ಬಾಗಿಲಲ್ಲಿ ಟಿಕೆಟ್ ಹರಿಯೋಕೆ ನಿನ್ನಂಥ ಪೆದ್ದ ಕೂತಿರಲ್ಲ."

ನಗು ಎದ್ದಿತು. ಆದರೆ ನಗು ನಿಂತ ಮೇಲೆ ಕೆಲವರು ನೆಲ ನೋಡುತ್ತಿದ್ದುದನ್ನು ವರ್ನೆಲ್ ಕಂಡಳು. ಮಾ ಐಯೋನ್ ಇಲ್ಲದ ಪಾತ್ರೆಯ ಮೇಲೆ ಅವರಿಗೆ ಭರವಸೆ ಇರಲಿಲ್ಲ. ಅವಳೇ ಬಾಯಿಬಿಟ್ಟಳು: "ಈ ಸಲ ನನಗೆ ಬಿಡಿ. ಸರಿಹೋಗ್ಲಿಲ್ಲ ಅಂದ್ರೆ ಬರೋ ವರ್ಷ ಮೊದಲು ಬಸ್ ಹತ್ತೋಳು ನಾನೇ."

ಹಾಗೆಂದು ತೀರ್ಮಾನವಾಯಿತು.

ಶನಿವಾರ ಬೆಳಕು ಹರಿಯುವ ಮೊದಲೇ ಅವಳೆದ್ದು ಅಂಗಡಿಯ ಫ್ರಿಜ್ಜಿನಿಂದ ಸಾಮಾನು ತೆಗೆದು ಬುಟ್ಟಿಗೆ ತುಂಬಿದಳು. ಫೂಲ್ಮತಿಯ ಮಗನ ಪಿಕಪ್ಪು ಪಾತ್ರೆಯನ್ನೂ ಮುದುಕರನ್ನೂ ಹೊತ್ತು ಮುಂದೆ ಹೋಯಿತು. ಉಳಿದವರು ಕಣಿವೆಯ ದಾರಿ ಹಿಡಿದು ನಡೆದರು. ಎರಡೂ ಕಡೆ ಬಿದಿರು, ಕೆಳಗೆ ಎಲ್ಲೋ ಹೊಳೆಯ ಸದ್ದು, ತಂಪು ಗಾಳಿ.

ಹನೀಫ್ ಚಾಚಾ ಪಿಕಪ್ಪು ಹತ್ತಲಿಲ್ಲ. ಓಣಿಯಲ್ಲಿ ಅವನಿಗಿಂತ ಹಿರಿಯರು ಉಳಿದಿರಲಿಲ್ಲ. ಒಂದು ಕಾಲದಲ್ಲಿ ಇಡೀ ಟುನಾಪುನಾಕ್ಕೆ ಪ್ಯಾಂಟು ಹೊಲಿದವನು. ಹೆಂಡತಿ ಹೋದ ಮೇಲೆ ಒಂಟಿ. ಊಟದ ವಿಷಯದಲ್ಲಿ ಬಹಳ ಬಿಗಿ. ಮದುವೆ ಮನೆಗೆ ಕರೆದರೆ ಹೋಗುತ್ತಿದ್ದ, ಹರಸುತ್ತಿದ್ದ, ನೀರು ಕುಡಿದು ಬರುತ್ತಿದ್ದ. ವರ್ಷದಲ್ಲಿ ಒಂದು ದಿನ ಮಾತ್ರ ಬೇರೆಯವರ ಕೈಯಡುಗೆ ಉಣ್ಣುತ್ತಿದ್ದ, ಅದು ಈ ಪಾತ್ರೆಯಿಂದ. ಹಿರಿಯನೆಂದು ಮೊದಲ ತಟ್ಟೆ ಅವನದೇ.

ನಡೆಯುತ್ತ ಅವನು ಮೆಲ್ಲಗೆ ದೇವರ ಸ್ತುತಿಯ ಕಸೀದೆ ಹೇಳಿಕೊಳ್ಳುತ್ತಿದ್ದ. ಹಿಂದೆಲ್ಲ ಈ ದಾರಿಯಲ್ಲಿ ಅವನು ನಿಲ್ಲಿಸಿದಲ್ಲಿ ಮಾ ಐಯೋನ್ ಒಂದು ಕೀರ್ತನೆಯ ಸಾಲನ್ನು ಎತ್ತಿಕೊಳ್ಳುತ್ತಿದ್ದಳು, ಓಣಿಯವರು ಅದನ್ನೇ ಹಿಂದಿರುಗಿಸಿ ಹಾಡುತ್ತಿದ್ದರು. ಅವಳು ನಿಲ್ಲಿಸಿದಲ್ಲಿ ಫೂಲ್ಮತಿಯ ತಾಯಿ ರಾಮಾಯಣದ ಚೌಪಾಯಿ ಎತ್ತುತ್ತಿದ್ದಳು. ಅರ್ಥ ಎಲ್ಲರಿಗೂ ಆಗುತ್ತಿರಲಿಲ್ಲ. ಲಯ ಆಗುತ್ತಿತ್ತು, ಕಾಲಿಗೆ ಅಷ್ಟು ಸಾಕಿತ್ತು. ಈಗ ಚಾಚಾ ತನ್ನ ಸಾಲು ಮುಗಿಸಿ ಸುಮ್ಮನೆ ಕಾದ. ವರ್ನೆಲ್ ಹೇಗೋ ತಾಯಿಯ ಒಂದು ಸಾಲು ಎತ್ತಿದಳು. ಹಿಂದಿನಿಂದ ಮಕ್ಕಳು ಅದನ್ನು ಹಿಡಿದುಕೊಂಡವು.

"ಶ್ರುತಿ ತಪ್ತು," ಎಂದ ಚಾಚಾ, ತಿರುಗಿ ನೋಡದೆ. "ನಿಮ್ಮಮ್ಮನದೂ ತಪ್ತಿತ್ತು. ಹಾಡು."

ಹೊಳೆಯ ದಂಡೆ ಆಗಲೇ ಜಾತ್ರೆಯಾಗಿತ್ತು. ಕಲ್ಲಿಗೊಂದು ಒಲೆ, ಮರಕ್ಕೊಂದು ಜೋಕಾಲಿ. ಪಕ್ಕದ ಬಂಡೆಯ ಮೇಲೆ ಅರೂಕಾ ಎಂಬ ಊರಿನ ಹುಡುಗರ ಗುಂಪು ಆಳೆತ್ತರದ ಸ್ಪೀಕರ್ ಇಟ್ಟುಕೊಂಡು ಕುಣಿಯುತ್ತಿತ್ತು. ವರ್ನೆಲ್ ಮೂರು ಕಲ್ಲು ಹೂಡಿ ಪಾತ್ರೆಯೇರಿಸಿದಳು. ಸೊಪ್ಪು ಹೆಚ್ಚಲು ಯೊರ್ಲೆನಿ ಬಂದು ಕೂತಳು. ವೆನೆಜುವೆಲಾದ ಹೆಂಗಸು, ಓಣಿಗೆ ಬಂದು ಎರಡು ವರ್ಷವಾಗಿತ್ತು. ವರ್ನೆಲ್ಲಳ ಅಂಗಡಿಯಲ್ಲೇ ಕೆಲಸ. ಮಾತು ಅರ್ಧ ಬರುತ್ತಿತ್ತು, ನಗು ಪೂರ್ತಿ ಬರುತ್ತಿತ್ತು.

ತೆಂಗಿನ ಹಾಲು ಕುದಿಯುವ ಹೊತ್ತಿಗೆ ಗಾರ್ವಿನ್ ಒದ್ದೆ ಚಡ್ಡಿಯಲ್ಲಿ ಬಂದು ನಿಂತ. ದೊಡ್ಡಮ್ಮನನ್ನು ಅವನು ಟಾಂಟಿ ಎಂದೇ ಕರೆಯುತ್ತಿದ್ದ.

"ಟಾಂಟಿ, ಇದೇನು, ಕಲಾಲೂನೋ ಗೋಡೆಗೆ ಬಳಿಯೋ ಬಣ್ಣನೋ?"

"ನಿನ್ನ ಮುಖಕ್ಕೆ ಬಳಿಯೋಕೆ ಕಣೋ. ಒಂದು ಕೈ ಸಾಲಲ್ಲ, ಎರಡು ಬೇಕು."

"ಬಸ್ಸಲ್ಲಿ ಹೋಗಿದ್ರೆ ಇಷ್ಟೊತ್ತಿಗೆ ಎಸಿ ಕೆಳಗೆ ಕೂತು ತಿಂತಾ ಇರ್ತಿದ್ವಿ."

"ನಿನಗೆ ಎಸಿ ಯಾಕೋ? ತಲೆ ಒಳಗೇ ಖಾಲಿ, ಗಾಳಿ ಸರಾಗ ಆಡುತ್ತೆ."

ಎಲ್ಲರೂ ಹೋ ಎಂದರು. ವರ್ನೆಲ್ಲಳೂ ಬಿದ್ದು ಬಿದ್ದು ನಕ್ಕಳು. ಬೆಳಗಿನಿಂದ ಬಿಗಿದುಕೊಂಡಿದ್ದ ಎದೆ ಆಗ ತಾನೇ ಸಡಿಲಾಯಿತು. ನಗುನಗುತ್ತಲೇ ಅವಳ ಕೈ ಬುಟ್ಟಿಗೆ ಹೋಯಿತು, ಒಂದು ಡಬ್ಬಿಯ ಮುಚ್ಚಳ ತೆರೆಯಿತು, ಒಳಗಿದ್ದುದನ್ನು ಪಾತ್ರೆಗೆ ಸುರಿಯಿತು. ಇಪ್ಪತ್ತು ವರ್ಷದಿಂದ ಪ್ರತಿ ಶನಿವಾರ, ಇದೇ ಹೊತ್ತಿಗೆ, ಕುದಿ ಬಂದ ಪಾತ್ರೆಗೆ ಆ ಕೈ ಮಾಡುತ್ತಿದ್ದ ಕೆಲಸವದು. ಶನಿವಾರ ಅದು ಅವಳನ್ನು ಕೇಳುತ್ತಿರಲಿಲ್ಲ.

ಗಾರ್ವಿನ್ ಹೊಳೆಗೆ ಹಾರಿದ. ಅವಳು ಕಡಗೋಲು ಹಿಡಿದು ಬಗ್ಗಿದಳು. ಹಸಿರು ಕುದಿಯ ನಡುವೆ ಒಂದು ತುಂಡು ಮಗುಚಿ ಮೇಲೆ ಬಂತು. ಗುಲಾಬಿ ಬಣ್ಣ, ಸುರುಳಿ ಆಕಾರ. ಹಿಂದೆಯೇ ಇನ್ನೊಂದು.

ಹಂದಿಬಾಲ.

ಹೊಳೆಯ ಸದ್ದು ದೂರ ಸರಿದಂತಾಯಿತು. ಬೆಳಗಿನ ಕತ್ತಲಲ್ಲಿ, ಶನಿವಾರವೆಂಬ ಅಭ್ಯಾಸದಲ್ಲಿ, ಫ್ರಿಜ್ಜಿನಲ್ಲಿದ್ದುದನ್ನೆಲ್ಲ ಬಾಚಿ ತುಂಬಿಕೊಂಡಿದ್ದಳು. ಸೂಪಿಗೆಂದು ಯೊರ್ಲೆನಿ ನೆನೆಹಾಕಿಟ್ಟ ಡಬ್ಬಿಯೂ ಬಂದುಬಿಟ್ಟಿತ್ತು.

ತಲೆಯೆತ್ತಿದರೆ ಯೊರ್ಲೆನಿ ಅವಳನ್ನೇ ನೋಡುತ್ತಿದ್ದಳು. ಬೇರೆ ಯಾರೂ ನೋಡಿರಲಿಲ್ಲ.

"ಸೆನ್ಯೋರಾ," ಯೊರ್ಲೆನಿ ಪಿಸುಗುಟ್ಟಿದಳು, "ಈಗ ತಾನೇ ಹಾಕಿದ್ದು. ತೆಗೀರಿ ಬೇಗ. ನಾನು ಏನೂ ನೋಡ್ಲಿಲ್ಲ."

ವರ್ನೆಲ್ ತೆಗೆದಳು. ಸೌಟಿನಲ್ಲಿ ಒಂದೊಂದೇ ತುಂಡು ಹುಡುಕಿ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು, ಬುಟ್ಟಿಯ ತಳಕ್ಕೆ ತಳ್ಳಿದಳು. ಕಡಗೋಲು ತಿರುಗಿಸಿದಳು. ಕಲಾಲೂ ನುಣ್ಣಗೆ, ಹಸಿರಾಗಿ, ಏನೂ ಆಗಿಲ್ಲವೆಂಬಂತೆ ಸುತ್ತಿತು. ಅಂಥ ಘಮ ಎಂದೂ ಬಂದಿರಲಿಲ್ಲ. ಹೀಗೇ ಬಡಿಸಿದರೆ? ಅಮ್ಮನ ಕಾಲದಲ್ಲೂ ಇಂಥ ಪಾತ್ರೆ ಆಗಿಲ್ಲ ಅನ್ನುತ್ತಾರೆ ಎಲ್ಲರೂ, ಗಾರ್ವಿನ್ನನ ಬಸ್ಸು ಅಲ್ಲಿಗೆ ಮುಗಿಯಿತು. ಬಾಯಿಬಿಟ್ಟರೆ? ಬರುವ ವರ್ಷ ಅವರವರ ಡಬ್ಬಿ ಅವರವರಿಗೆ. ಅಮ್ಮ ಕಟ್ಟಿದ್ದು ತನ್ನ ಕೈಯಲ್ಲಿ, ಮೊದಲನೇ ವರ್ಷವೇ ಮುರಿಯಿತು.

ಅವಳು ಕಣ್ಣುಮುಚ್ಚಿದಳು. ಪ್ರಾರ್ಥನೆ ಬರಲಿಲ್ಲ.

"ಆಯ್ತೇನಮ್ಮಾ?"

ಹನೀಫ್ ಚಾಚಾ ಎದುರಿಗೆ ನಿಂತಿದ್ದ. ಹೊಳೆಯಲ್ಲಿ ಕೈಕಾಲು ತೊಳೆದು, ಟೋಪಿ ಸರಿಮಾಡಿಕೊಂಡು, ಎರಡೂ ಕೈಯಲ್ಲಿ ತಟ್ಟೆ ಹಿಡಿದಿದ್ದ. ಹಿಂದೆ ಫೂಲ್ಮತಿ, ಅವಳ ಹಿಂದೆ ಓಣಿ. ಮಕ್ಕಳು ತಟ್ಟೆ ಬಡಿಯುತ್ತಿದ್ದವು.

"ಬಿಸ್ಮಿಲ್ಲಾ," ಎಂದು ಚಾಚಾ ತಟ್ಟೆ ಮುಂದೊಡ್ಡಿದ. ಪಾತ್ರೆಯೊಳಗೆ ಏನಿದೆ ಎಂದು ಇಣುಕಲೂ ಇಲ್ಲ.

ಸೌಟು ತುಂಬಿತ್ತು, ಎತ್ತಿಯೂ ಆಗಿತ್ತು. ವರ್ನೆಲ್ ಅದನ್ನು ಪಾತ್ರೆಗೇ ಮರಳಿ ಸುರಿದು, ಮುಚ್ಚಳ ಎಳೆದು ಮುಚ್ಚಿ, ಅದರ ಮೇಲೆ ಕೈಯಿಟ್ಟಳು. ಮುಚ್ಚಳ ಸುಡುತ್ತಿತ್ತು.

"ಚಾಚಾ, ಕೊಡಲ್ಲ. ಯಾರಿಗೂ ಕೊಡಲ್ಲ. ಹಂದಿಬಾಲ ಬಿತ್ತು ಇದಕ್ಕೆ. ನನ್ನ ಕೈಯಿಂದಾನೇ ಬಿತ್ತು. ತೆಗೆದು ಮುಚ್ಚಿಟ್ಟಿದ್ದೆ... ಬಡಿಸೋಕೆ ಕೈ ಬರ್ಲಿಲ್ಲ."

ತಟ್ಟೆ ಬಡಿಯುವುದು ನಿಂತಿತು. ಅರೂಕಾದವರ ಸ್ಪೀಕರ್ ಮಾತ್ರ ಒದರುತ್ತಿತ್ತು.

ಮೊದಲು ಮಾತಾಡಿದವನು ಗಾರ್ವಿನ್: "ಅದಕ್ಕೇ ಅಂದೆ ನಾನು, ಬಸ್..."

"ಬಾಯಿ ಮುಚ್ಚೋ!" ಎಂದಳು ಫೂಲ್ಮತಿ. ಆಮೇಲೆ ವರ್ನೆಲ್ಲಳ ಕಡೆ ತಿರುಗಿ, ದನಿ ತಗ್ಗಿಸಿ, "ಹೋಗ್ಲಿ ಬಿಡೇ ಮಾರಾಯ್ತಿ. ಮಕ್ಕಳು ಹಸಿದಿವೆ. ನನ್ನ ಹತ್ರ ಒಂದಿಷ್ಟು ರೊಟ್ಟಿ ಇದೆ," ಎಂದು ತನ್ನ ಚೀಲ ತೆರೆದಳು. ಬಟ್ಟೆಯಲ್ಲಿ ಸುತ್ತಿದ, ಪದರಪದರವಾದ ಬುಸ್ಸಪ್‌ಶಟ್ ರೊಟ್ಟಿ, ಬಾಟಲಿಯಲ್ಲಿ ಮಾವಿನಕಾಯಿ ಪಲ್ಯ.

ಅವಳು ತೆರೆದಿದ್ದೇ ತಡ, ಚೀನೀ ಅಂಗಡಿಯ ಸೊಸೆ ಒಂದು ಡಬ್ಬಿ ತೆಗೆದಳು. ಯಾರೋ ಹುರಿದ ಬಾಳೆ ತೆಗೆದರು. ಇನ್ಯಾರೋ ಬ್ರೆಡ್ಡು, ಬೇಯಿಸಿದ ಮೊಟ್ಟೆ. ಮನೆಗೊಂದು ಚೀಲ, ಚೀಲಕ್ಕೊಂದು ಗಂಟು. ವರ್ನೆಲ್ ನೋಡುತ್ತ ನಿಂತಳು. ಆ ಗಂಟುಗಳು ಇವತ್ತಿನವೋ, ಅಮ್ಮನ ಕಾಲದಿಂದಲೂ ಬರುತ್ತಿದ್ದವೋ?

"ನೀವೆಲ್ಲ..." ಎಂದಳು.

ಫೂಲ್ಮತಿ ನಾಚಿ ಚೀಲದ ಬಾಯಿ ಎಳೆದುಕೊಂಡಳು. "ಹಾಗಲ್ಲ ಕಣೇ. ದಾರಿಗೆ ಅಂತ. ಮಕ್ಕಳು ಅಂದ್ಮೇಲೆ..."

ಚಾಚಾ ಮಾತ್ರ ಖಾಲಿ ತಟ್ಟೆ ಹಿಡಿದು ನಿಂತಲ್ಲೇ ನಿಂತಿದ್ದ.

"ಚಾಚಾ, ನಿಮ್ಮ ಚೀಲ ಎಲ್ಲಿ?" ಕೇಳಿದ ಗಾರ್ವಿನ್.

"ಯಾವ ಚೀಲ?"

"ಊಟದ್ದು."

"ಊಟಕ್ಕೆ ಅಂತಾನೇ ತಾನೇ ಇಲ್ಲಿಗೆ ಬಂದಿರೋದು?" ಎಂದ ಮುದುಕ, ನಿಜವಾಗಿಯೂ ಅರ್ಥವಾಗದವನಂತೆ. "ಪಾತ್ರೆ ಇರೋವಾಗ ಚೀಲ ಯಾರು ತರ್ತಾರೆ?"

ಫೂಲ್ಮತಿ ಒಂದು ರೊಟ್ಟಿ ತೆಗೆದು ಅವನತ್ತ ಚಾಚಿದಳು. ಅವನು ಮೃದುವಾಗಿ ತಲೆಯಾಡಿಸಿದ. ಅಷ್ಟು ದೂರ ನಡೆದುಬಂದ ಆ ಸಣ್ಣ ಮೈಯನ್ನು ನೋಡಿ ವರ್ನೆಲ್ಲಳ ಕಣ್ಣು ತುಂಬಿತು.

"ಕ್ಷಮಿಸಿ ಚಾಚಾ. ಅಮ್ಮ ಇದ್ದಿದ್ರೆ..."

"ಅಮ್ಮನ ಮಾತು ಆಮೇಲೆ. ಒಂದು ಹೇಳು. ನೀನು ಹೇಳಿದ್ದು ನಾನು ಉಣ್ಣೋಕೆ ಮುಂಚೆಯೋ, ಆಮೇಲೋ?"

"ಮುಂಚೆ."

"ಹಂಗಾದ್ರೆ ನನಗೇನಾಗಿದೆ? ಹಸಿವಾಗಿದೆ, ಅಷ್ಟೇ." ಅವನು ಒಂದು ಬಂಡೆ ನೋಡಿ ಕೂತು, ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡ. "ಕೆಟ್ಟಿದ್ದು ಕಲಾಲೂ. ಪಾತ್ರೆ ಅಲ್ಲ. ಪಾತ್ರೆ ತೊಳೆದ್ರೆ ಪಾತ್ರೆನೇ. ನೀರು ಬೇಕಾ? ನೋಡು, ಎಷ್ಟು ಬೇಕು? ಬೆಟ್ಟದಿಂದ ಇಳೀತಾನೇ ಇದೆ, ಯಾರೂ ಬಿಲ್ ಕೇಳಲ್ಲ. ತೊಳಿ. ಮತ್ತೆ ಇಡು. ನಾನು ಕಾಯ್ತೀನಿ."

"ಸಂಜೆ ಆಗುತ್ತೆ ಚಾಚಾ."

"ರಂಜಾನಿನ ರೋಜಾ ಹಿಡಿಯೋನಿಗೆ ಸಂಜೆ ಹೆದರಿಸ್ತೀಯಾ?"

ಯಾರೋ ಫಕ್ಕನೆ ನಕ್ಕರು. ಆ ನಗುವಿನಲ್ಲಿ ಓಣಿಗೆ ಉಸಿರು ಬಂತು. ಫೂಲ್ಮತಿ ರೊಟ್ಟಿಯ ಗಂಟನ್ನು ಮತ್ತೆ ಕಟ್ಟಿದಳು, ಬಿಗಿಯಾಗಿ, ಎಲ್ಲರಿಗೂ ಕಾಣುವಂತೆ. "ಚಾಚಾ ಕಾಯೋದಾದ್ರೆ ನಾವೂ ಕಾಯ್ತೀವಿ. ಯಾವ ಮಗು ಅಳುತ್ತೋ ಅದಕ್ಕೆ ಮಾತ್ರ ರೊಟ್ಟಿ. ಗಾರ್ವಿನ್, ನೀನು ಅಳೋ ಹಾಗಿಲ್ಲ."

ಕೆಟ್ಟ ಕಲಾಲೂವನ್ನು ಏನು ಮಾಡುವುದು? ವರ್ನೆಲ್ ಪಕ್ಕದ ಬಂಡೆಗೆ ಕೂಗಿದಳು: "ಏಯ್ ಅರೂಕಾ! ಹಂದಿಬಾಲ ಹಾಕಿದ ಕಲಾಲೂ ತಿಂತೀರೇನ್ರೋ?"

ಸ್ಪೀಕರ್ ಒಮ್ಮೆಗೇ ನಿಂತಿತು. ಹುಡುಗರು ತಮ್ಮ ಬಕೆಟ್ಟು, ಬೋಗುಣಿ ಎಲ್ಲ ಹಿಡಿದು ಓಡಿಬಂದರು. ಬುಟ್ಟಿಯ ತಳದ ಡಬ್ಬಿಯನ್ನೂ ಅವಳು ಅವರಿಗೇ ಕೊಟ್ಟಳು. ಅವರಲ್ಲೊಬ್ಬ ದಢೂತಿ ಒಂದು ಗುಟುಕು ಕುಡಿದು ಆಕಾಶ ನೋಡಿದ. "ತಾಯೀ, ಇದನ್ನ ಬಿಟ್ಟುಕೊಡ್ತಿದೀರಲ್ಲ, ನಿಮಗೆ ಹುಚ್ಚಾ?" ಬದಲಿಗೆ ಅವರು ತೆಂಗಿನಕಾಯಿ ಕೊಟ್ಟರು, ಒಲೆಗೆ ಸೌದೆ ಹೊತ್ತುತಂದರು.

ಸೊಪ್ಪು ಬೇಕಿತ್ತು. ಕಣಿವೆಯ ಮೇಲ್ಗಡೆ ಹೊಲವಿದ್ದ ರೈತನ ಹತ್ತಿರ ಯೊರ್ಲೆನಿ ಓಡಿದಳು. ಅರ್ಧ ಮಾತು, ಪೂರ್ತಿ ನಗು. ಏನು ಹೇಳಿದಳೋ, ತೋಳು ತುಂಬ ಕೆಸುವಿನ ಸೊಪ್ಪು, ಬೆಂಡೆ, ಒಂದು ಕುಂಬಳ ಹೊತ್ತು ಬಂದಳು. ಬರುತ್ತಲೇ ವರ್ನೆಲ್ಲಳ ಮುಂದೆ ಸೊಪ್ಪು ಇಳಿಸಿ, ತಗ್ಗಿದ ದನಿಯಲ್ಲಿ ಹೇಳಿದಳು: "ಸೆನ್ಯೋರಾ, ನಾನು ಮುಚ್ಚಿಡು ಅಂದೆ. ಒಳ್ಳೇದಕ್ಕೆ ಅಂದ್ಕೊಂಡೆ."

"ನಾನೂ ಹಾಗೇ ಅಂದ್ಕೊಂಡೆ ಕಣೇ. ಹೆಚ್ಚು, ಸಣ್ಣಗೆ."

ಪಾತ್ರೆ ಹೊಳೆಗಿಳಿಯಿತು. ಎರಕದ ಪಾತ್ರೆ, ಇಬ್ಬರು ಹಿಡಿಯುವ ತೂಕ. ಮೊದಲು ಬೂದಿ, ಆಮೇಲೆ ಮರಳು, ಆಮೇಲೆ ಹರಿವ ನೀರು. ಮತ್ತೆ ಬೂದಿ, ಮತ್ತೆ ಮರಳು, ಮತ್ತೆ ನೀರು. ಕಡಗೋಲು, ಸೌಟು, ಮುಚ್ಚಳಕ್ಕೂ ಅದೇ. ಮೊಣಕಾಲುದ್ದ ನೀರಿನಲ್ಲಿ ಓಣಿಯೇ ನಿಂತು ಉಜ್ಜಿತು. ಗಾರ್ವಿನ್ನನಿಗೆ ಪಾತ್ರೆಯ ಒಳತಳ ಸಿಕ್ಕಿತು. ತಲೆ, ಭುಜ ಎಲ್ಲ ಒಳಗಿಟ್ಟು ಉಜ್ಜುತ್ತಿದ್ದ.

"ಒಳಗೆ ಎಸಿ ಇದೆಯೇನೋ?" ಕೂಗಿದಳು ಫೂಲ್ಮತಿ.

"ಇದೆ ಆಂಟೀ, ಟಿಕೆಟ್ ತಗೊಂಡು ಬನ್ನಿ!" ಎಂದಿತು ಪಾತ್ರೆಯೊಳಗಿನ ದನಿ.

ಉಜ್ಜಿದ್ದು ಸಾಕೆಂದು ಹೇಳುವವನು ಚಾಚಾ. ಬಂಡೆಯಿಂದಿಳಿದು ಬಂದು, ಒಳಗೆ ಕೈಯಾಡಿಸಿ, ಬೆರಳು ಮೂಸಿ, "ಇನ್ನೊಂದ್ಸಲ" ಎನ್ನುತ್ತಿದ್ದ. ಅವನು ತೃಪ್ತನಾಗುವ ಹೊತ್ತಿಗೆ ಆ ಹಳೆಯ ಪಾತ್ರೆ ಮಾ ಐಯೋನ್ ಕೂಡ ಕಂಡಿರದಷ್ಟು ಬೆಳ್ಳಗಾಗಿತ್ತು.

ಎರಡನೆಯ ಕಲಾಲೂ ಕುದಿಯುವಾಗ ಯಾರೂ ಈಜಲು ಹೋಗಲಿಲ್ಲ. ಒಲೆಯ ಸುತ್ತ ಕೂತರು. ವರ್ನೆಲ್ ಪಾತ್ರೆಗೆ ಏನು ಹಾಕಿದರೂ ಮೊದಲು ಮೇಲೆತ್ತಿ ತೋರಿಸಿದಳು, "ಸೊಪ್ಪು!" ಎಂದು ಮಕ್ಕಳು ಕೂಗಿದವು, "ಬೆಂಡೆ!" ಎಂದು ಕೂಗಿದವು. ಅವಳಿಗೆ ನಾಚಿಕೆಯಾಗಲಿಲ್ಲ. ಕೀರ್ತನೆಯ ಸಾಲನ್ನು ಎತ್ತಿಕೊಟ್ಟು ಹಿಂದಕ್ಕೆ ಪಡೆಯುವ ಹಾಗೇ ಇತ್ತು ಅದು. ಕೊನೆಗೆ ಬುಟ್ಟಿಯನ್ನು ತಲೆಕೆಳಗು ಮಾಡಿ ಕೊಡವಿ ತೋರಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು.

ಇಳಿಹೊತ್ತಿನ ಬಿಸಿಲು ಬಿದಿರಿನ ಮೇಲಕ್ಕೆ ಏರಿದಾಗ ಅವಳು ಮೊದಲ ಸೌಟು ಎತ್ತಿದಳು. ಹನೀಫ್ ಚಾಚಾ ತಟ್ಟೆಯೊಡ್ಡಿದ. ಈ ಸಲವೂ ಇಣುಕಲಿಲ್ಲ. ತಟ್ಟೆಗೆ ಕಲಾಲೂ ಬಿತ್ತು. ಓಣಿ ಉಸಿರು ಹಿಡಿಯಿತು. ಅವನು ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ಸವಿದ.

"ಉಪ್ಪು ಕಮ್ಮಿ," ಎಂದ. ಇನ್ನೊಂದು ತುತ್ತು ಇಟ್ಟುಕೊಂಡ. "ಕೂತ್ಕೊಳ್ರೋ, ಎಲ್ಲ ಯಾಕೆ ನನ್ನ ಬಾಯಿ ನೋಡ್ತಾ ನಿಂತಿದೀರಿ?"

ಓಣಿ ಉಂಡಿತು. ಮನೆಯಿಂದ ಬಂದ ಗಂಟುಗಳು ಕೂಡ ಬಿಚ್ಚಿಕೊಂಡವು, ಆದರೆ ನಡುವೆ, ಒಂದೇ ಬಟ್ಟೆಯ ಮೇಲೆ, ಯಾರದು ಯಾವುದೆಂದು ತಿಳಿಯದ ಹಾಗೆ. ಅರೂಕಾದ ದಢೂತಿ ಮತ್ತೆ ತಟ್ಟೆ ಹಿಡಿದು ಬಂದ. ವರ್ನೆಲ್ ಅವನಿಗೂ ಬಡಿಸಿದಳು.

"ಇದೂ ಚೆನ್ನಾಗಿದೆ ತಾಯಿ. ಆದ್ರೆ ಒಂದು ತುಂಡು ಬಾಲ ಇದ್ದಿದ್ರೆ..."

ವರ್ನೆಲ್ ಬಾಯಿ ತೆರೆಯುವ ಮೊದಲೇ ಗಾರ್ವಿನ್ ಎದ್ದು ನಿಂತಿದ್ದ. ಕೂದಲಲ್ಲಿ ಇನ್ನೂ ಬೂದಿಯಿತ್ತು.

"ಬಾಲ ಬೇಕಿದ್ರೆ ಶನಿವಾರ ನಮ್ಮ ಟಾಂಟಿ ಅಂಗಡಿಗೆ ಬಾ ಗುರೂ, ದುಡ್ಡು ಕೊಟ್ಟು ತಿನ್ನು. ಇದು ಬಾಲಾಟಾ ಓಣಿ ಪಾತ್ರೆ. ಇದರಲ್ಲಿ ನಮ್ಮ ಚಾಚಾ ಉಣ್ತಾರೆ."

ವರ್ನೆಲ್ ತಲೆ ಬಗ್ಗಿಸಿ ಪಾತ್ರೆಯ ತಳ ಕೆರೆದಳು. ಚಾಚಾನ ತಟ್ಟೆ ಮತ್ತೆ ಖಾಲಿಯಾಗಿತ್ತು.